450 ವ್ಯಾಟಿನ ಕಾರ್ಡು, ಕೋರ್ 68, ಹಾಟ್‌ಸ್ಪಾಟ್ 99: ತಪ್ಪು ಕೂಲರಿನದೋ, ಬೇರೆ ಏನಾದ್ರೂನೋ?

ಕಪ್ಪುಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರೋದು ಎನ್ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು. ಮೂರು ಫ್ಯಾನು, ಮೂರೂವರೆ ಸ್ಲಾಟ್ ತಿನ್ನೋ ದಪ್ಪ ಕೂಲರು. ತಗೊಂಡು ಒಂದೂವರೆ ವರ್ಷ ಆಯ್ತು. ಹೊಸದರಲ್ಲಿ 4ಕೆಯಲ್ಲಿ ಎಷ್ಟು ಹೊತ್ತು ಆಡಿದ್ರೂ ಸದ್ದೇ ಇರ್ತಿರಲಿಲ್ಲ. ಈಗ ಎರಡು ತಿಂಗಳಿಂದ, ಆಟ ಶುರು ಮಾಡಿ ಇಪ್ಪತ್ತು ನಿಮಿಷ ಆಗೋದ್ರೊಳಗೆ ಫ್ಯಾನು 2100 ಆರ್‌ಪಿಎಂ ಮುಟ್ಟುತ್ತೆ. ಹೆಡ್‌ಫೋನ್ ಹಾಕ್ಕೊಂಡ್ರೂ ಕೇಳಿಸುತ್ತೆ.

ನಿನ್ನೆ ರಾತ್ರಿ ಕೂತು ಬರ್ಕೊಂಡ ಲೆಕ್ಕ ಇದು. ಕೋಣೆ 27 ಡಿಗ್ರಿ. ಕಾರ್ಡು ಎಳೀತಿರೋದು 435ರಿಂದ 445 ವ್ಯಾಟ್. ಕೋರ್ (ಚಿಪ್ಪಿನ ಮಾಮೂಲು ತಾಪಮಾನ) 68, ಹಾಟ್‌ಸ್ಪಾಟ್ (ಚಿಪ್ಪಿನ ಅತೀ ಬಿಸಿ ಜಾಗ) 99. ಹೊಸದರಲ್ಲಿ ಹಾಟ್‌ಸ್ಪಾಟ್ 80ರ ಆಸುಪಾಸಲ್ಲೇ ಇರ್ತಿತ್ತು.

ಕೂಲರಿನ ವಿನ್ಯಾಸಾನೇ ಈ 450 ವ್ಯಾಟಿಗೆ ಸಾಲದಾ? ಅಥವಾ ಏನಾದ್ರೂ ಕೆಟ್ಟಿದೆಯಾ? ಇನ್ನೊಂದು ಅರ್ಥವೇ ಆಗದ ವಿಷಯ: ಮುಂದಿನ ತಲೆಮಾರಿನ 5090ರ ಫೌಂಡರ್ಸ್ ಎಡಿಷನ್ (ಎನ್ವಿಡಿಯಾ ತಾನೇ ವಿನ್ಯಾಸ ಮಾಡಿದ್ದು) ಬರೀ ಎರಡು ಸ್ಲಾಟು, ಎಳೆಯೋದು 575 ವ್ಯಾಟು. ಅದು ಹೇಗೆ ತಣ್ಣಗಿರುತ್ತೆ, ನನ್ನ ಇಟ್ಟಿಗೆಯಂಥ ಕಾರ್ಡು ಯಾಕೆ ಒದ್ದಾಡುತ್ತೆ?

ಮೂರನೇಫ್ಯಾನು:
68 ಡಿಗ್ರಿ ಅಂದ್ರೆ ಚೆನ್ನಾಗೇ ಇದೆ. ಹಾಟ್‌ಸ್ಪಾಟ್ ನೋಡೋದು ಬಿಟ್ಟು ಆಡಿ.

ಶಾಖವಾಹಕ:
@ಮೂರನೇಫ್ಯಾನು ಇಲ್ಲ, ಈ ಸಲಹೆ ಒಪ್ಪಲ್ಲ. ಅವರು ಕೊಟ್ಟ ಅಂಕಿಗಳಲ್ಲಿ 68 ಮುಖ್ಯ ಅಲ್ಲ, 99 ಕೂಡ ಮುಖ್ಯ ಅಲ್ಲ. ಎರಡರ ನಡುವಿನ ಅಂತರ ಮುಖ್ಯ. 31 ಡಿಗ್ರಿ.

ಚಿಪ್ಪಿನೊಳಗೆ ಅಲ್ಲಲ್ಲಿ ಹತ್ತಾರು ಸೆನ್ಸರ್ ಇರ್ತಾವೆ. ಅವುಗಳಲ್ಲಿ ಆ ಕ್ಷಣಕ್ಕೆ ಅತೀ ಬಿಸಿ ಇರೋ ಜಾಗದ ಓದೇ ಹಾಟ್‌ಸ್ಪಾಟ್. ಕೂಲರು ಚಿಪ್ಪಿನ ಮೇಲೆ ಎಲ್ಲಾ ಕಡೆ ಸಮನಾಗಿ ಕೂತಿದ್ರೆ ಈ ಎರಡಕ್ಕೂ 10–15 ಡಿಗ್ರಿ ವ್ಯತ್ಯಾಸ ಇರುತ್ತೆ, 18 ಆದ್ರೂ ತಲೆ ಕೆಡಿಸಿಕೊಳ್ಳೋದು ಬೇಡ. 25 ದಾಟಿತು ಅಂದ್ರೆ ಚಿಪ್ಪಿನ ಯಾವುದೋ ಒಂದು ಮೂಲೆಯ ಶಾಖ ಕೂಲರನ್ನ ಮುಟ್ತಾನೇ ಇಲ್ಲ ಅಂತ ಅರ್ಥ.

ಕೂಲರು ಸಣ್ಣದಾಗಿದ್ರೆ ಏನಾಗ್ತಿತ್ತು ಗೊತ್ತಾ? ಕೋರ್, ಹಾಟ್‌ಸ್ಪಾಟ್ ಎರಡೂ ಜೊತೆಗೇ ಏರ್ತಿದ್ದವು, ಅಂತರ ಹಾಗೇ ಇರ್ತಿತ್ತು. ನಿಮ್ಮಲ್ಲಿ ಅಂತರವೇ ಬೆಳೆದಿದೆ. ಹಾಗಾಗಿ ಕೂಲರಿನ ಗಾತ್ರದ ಮೇಲೆ ತಪ್ಪು ಹೊರಿಸಬೇಡಿ. ಮೆಮೊರಿ ಎಷ್ಟು ತೋರಿಸ್ತಿದೆ, ಅದನ್ನೂ ಹೇಳಿ.

ಕಪ್ಪುಪೆಟ್ಟಿಗೆ:
ಮೆಮೊರಿ 82–84. ಹೊಸದರಲ್ಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು.

ಶಾಖವಾಹಕ:
ಹಾಗಾದ್ರೆ ಮೆಮೊರಿಯ ಶಾಖವನ್ನ ಕೂಲರಿಗೆ ದಾಟಿಸೋ ಪ್ಯಾಡುಗಳು ಸರಿಯಾಗಿವೆ. ಚಿಪ್ಪಿಗೂ ಕೂಲರಿಗೂ ನಡುವೆ ಶಾಖ ದಾಟಿಸೋ ಪೇಸ್ಟೇ ಜರುಗಿರಬೇಕು ಅನ್ನೋದು ನನ್ನ ಊಹೆ. ಬಿಸಿಯಾದಾಗ ಚಿಪ್ಪು, ತಾಮ್ರದ ತಳ ಎರಡೂ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಆದ್ರೆ ಎರಡೂ ಒಂದೇ ಅಳತೆಯಲ್ಲಿ ಅಲ್ಲ. ದಿನಾ ಹೀಗೆ ಹಿಂಡಿ ಹಿಂಡಿ, ತೆಳು ಪೇಸ್ಟು ನಡುವಿಂದ ಅಂಚಿಗೆ ಹೋಗ್ತಾ ಬರುತ್ತೆ. 4090ರ ಚಿಪ್ಪು 608 ಚದರ ಮಿಲಿಮೀಟರ್. ಇಷ್ಟು ದೊಡ್ಡ ಚಿಪ್ಪಲ್ಲಿ ಇದು ಇನ್ನೂ ಎದ್ದು ಕಾಣುತ್ತೆ.

ಗಾಳಿಗುಮ್ಮಟ:
ಅಷ್ಟು ಬೇಗ ಪೇಸ್ಟಿನ ಮೇಲೆ ಹೋಗಬೇಡಿ ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತೆ. ಮೊದಲು ಕೇಸಿನ ಪಕ್ಕದ ಗಾಜು ತೆಗೆದು ಅದೇ ಆಟ, ಅದೇ ದೃಶ್ಯ, ಅರ್ಧ ಗಂಟೆ ಓಡಿಸಲಿ. ಎಷ್ಟೋ ಸಲ ತಪ್ಪಿರೋದು ಕೇಸಿನಲ್ಲಿ. ಮುಂದೆ ಗಾಜು, ಪಕ್ಕ ಗಾಜು, ಮೇಲೆ ರೇಡಿಯೇಟರು. 450 ವ್ಯಾಟಿನ ಬಿಸಿಗಾಳಿ ಹೋಗೋದಾದ್ರೂ ಎಲ್ಲಿಗೆ? ತಾನು ಬಿಟ್ಟ ಬಿಸಿಯನ್ನೇ ಕಾರ್ಡು ಮತ್ತೆ ಎಳ್ಕೊಳ್ಳುತ್ತೆ.

ಹಳೇಬೋರ್ಡು:
ಗಾಜು ತೆಗೆದು ನೋಡೋದು ಒಳ್ಳೇ ಸಲಹೆ.

ಇದನ್ನ ಓದಿ ಹಳೇದೆಲ್ಲ ನೆನಪಾಯ್ತು. 2010ರಲ್ಲಿ ಜಿಟಿಎಕ್ಸ್ 480 ಬಂದಾಗ 250 ವ್ಯಾಟು ಅಂತ ಎಲ್ಲರೂ ಬಾಯಿ ಬಾಯಿ ಬಡ್ಕೊಂಡಿದ್ವಿ. ಅದರ ಮೇಲ್ಮೈಯಲ್ಲೇ ಹೀಟ್‌ಸಿಂಕಿನ ಲೋಹ ತೆರೆದು ಕಾಣ್ತಿತ್ತು, ಆಡಿದ ಮೇಲೆ ಬೆರಳಿಟ್ರೆ ಚುರ್ ಅಂತಿತ್ತು. ಆಟ ಆಡ್ತಾ 90 ಡಿಗ್ರಿ ದಾಟೋದು ಅದಕ್ಕೆ ಮಾಮೂಲು. ಅದಕ್ಕೂ ಮುಂಚೆ, 2003ರಲ್ಲಿ ಎಫ್‌ಎಕ್ಸ್ 5800 ಅಲ್ಟ್ರಾದ ಫ್ಯಾನಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

2017ರ 1080 ಟಿಐ ಕೂಡ 250 ವ್ಯಾಟೇ. ಏಳು ವರ್ಷ ಅದೇ ಗೆರೆಯ ಹತ್ತಿರ ನಿಂತಿದ್ದೋರು ಆಮೇಲೆ 3090ಕ್ಕೆ 350, 4090ಕ್ಕೆ 450, 5090ಕ್ಕೆ 575 ಅಂತ ಜಿಗಿದ್ರು. ಇದು ನನಗೆ ಸರಿ ಕಾಣಲ್ಲ. ಕೋಣೆಯೊಳಗೆ ಒಂದು ಸಣ್ಣ ಹೀಟರ್ ಇಟ್ಕೊಂಡು ಆಡಿದ ಹಾಗೇ ಇದು. ಎಂಥ ಕೂಲರ್ ಹಾಕಿದ್ರೂ ಅಷ್ಟೂ ವ್ಯಾಟು ಕಡೆಗೆ ನಾವು ಕೂತಿರೋ ಕೋಣೆಗೇ ಬರಬೇಕು. ಕೂಲರು ಶಾಖಾನ ಜಾಗ ಬದಲಾಯಿಸುತ್ತೆ ಅಷ್ಟೇ, ಇಲ್ಲದ ಹಾಗೆ ಮಾಡಲ್ಲ.

ಪೂರ್ತಿವೇಗ:
@ಹಳೇಬೋರ್ಡು ಬರೀ ವ್ಯಾಟ್ ಹಿಡ್ಕೊಂಡು ಮಾತಾಡಿದ್ರೆ ನ್ಯಾಯ ಆಗಲ್ಲ. 3090 ಟಿಐ ಕೂಡ 450 ವ್ಯಾಟೇ. ಅದೇ 450ರಲ್ಲಿ 4090 ಹತ್ತತ್ತಿರ ಒಂದೂವರೆ ಪಟ್ಟು ಫ್ರೇಮು ಕೊಡುತ್ತೆ. ಚಿಪ್ಪಿನ ತಯಾರಿಕೆ ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್‌ನಿಂದ ಟಿಎಸ್‌ಎಂಸಿಯ 4ಎನ್‌ಗೆ ಹೋದದ್ದರ ಫಲ ಅದು. ಪ್ರತಿ ಫ್ರೇಮಿಗೆ ಎಷ್ಟು ವಿದ್ಯುತ್ ಅಂತ ಲೆಕ್ಕ ಹಾಕಿದ್ರೆ ನಿಮ್ಮ 480 ಈಗಿನ ಯಾವ ಕಾರ್ಡಿನ ಹತ್ತಿರಕ್ಕೂ ಬರಲ್ಲ.

ಹಳೇಬೋರ್ಡು:
@ಪೂರ್ತಿವೇಗ 4090ರ ಮಟ್ಟಿಗೆ ಒಪ್ಪಿದೆ. 5090ಕ್ಕೆ ಇದೇ ಮಾತು ಹೇಳಿ ನೋಡೋಣ. ತಯಾರಿಕೆಯ ತಂತ್ರ ಹೆಚ್ಚುಕಮ್ಮಿ ಅದೇ. ಚಿಪ್ಪು 608ರಿಂದ 750 ಚದರ ಮಿಲಿಮೀಟರಿಗೆ ಬೆಳೆದಿದೆ, ವಿದ್ಯುತ್ ಮಿತಿ ಶೇಕಡಾ 28 ಏರಿದೆ, 4ಕೆಯಲ್ಲಿ ವೇಗ ಏರಿದ್ದೂ ಬಹುತೇಕ ಅಷ್ಟೇ. ಹೆಚ್ಚು ಉರಿಸಿ ಹೆಚ್ಚು ಓಡಿಸಿದ್ದಾರೆ, ಅಷ್ಟೇ.

ಪೂರ್ತಿವೇಗ:
ಹೊಸ ಮೆಮೊರಿ ಜಿಡಿಡಿಆರ್7 ಬಂದಿದೆ, ಅದಕ್ಕೆ 512 ಬಿಟ್ ಅಗಲದ ದಾರಿ (ಬಸ್ಸು) ಇದೆ, ಮೆಮೊರಿ 32 ಜಿಬಿ ಆಗಿದೆ. ಅದನ್ನೆಲ್ಲ ಲೆಕ್ಕಕ್ಕೇ ಹಿಡಿಯಲ್ವಾ?

ಹಳೇಬೋರ್ಡು:
ಹಿಡೀತೀನಿ. ನಾನು ಮಾತಾಡ್ತಿರೋದು ವ್ಯಾಟಿಗೆ ಸಿಗೋ ಫ್ರೇಮಿನ ಬಗ್ಗೆ.

ವ್ಯಾಟ್‌ಲೆಕ್ಕ:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಕಾರ್ಖಾನೆಯವರು ಇಟ್ಟ ವಿದ್ಯುತ್ ಮಿತಿಯಲ್ಲೇ ಓಡಿಸಬೇಕು ಅಂತ ಯಾರು ಹೇಳಿದ್ರು?

ಚಿಪ್ಪು ಕುಡಿಯೋ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಕ್ಲಾಕಿಗೂ (ಚಿಪ್ಪು ಓಡೋ ವೇಗ) ತಕ್ಕ ಹಾಗೆ ಏರುತ್ತೆ. ಅಂದ್ರೆ ವೋಲ್ಟೇಜು ಸ್ವಲ್ಪ ಏರಿಸಿದ್ರೂ ಅದರ ಪೆಟ್ಟು ಎರಡರಷ್ಟು. 4090 ಪೂರ್ತಿ ಏರಿದಾಗ 1.05 ವೋಲ್ಟ್ ಹತ್ತಿರ ಇರುತ್ತೆ. ಅದನ್ನ 0.95ಕ್ಕೆ ಇಳಿಸಿ, ಕ್ಲಾಕು ಹಾಗೇ ಇದೆ ಅಂತಾನೇ ಇಟ್ಕೊಳ್ಳಿ. 0.95ನ್ನ 1.05ರಿಂದ ಭಾಗಿಸಿ ವರ್ಗ ಮಾಡಿದ್ರೆ 0.82. ಶೇಕಡಾ 18 ವಿದ್ಯುತ್ತು ಬರೀ ವೋಲ್ಟೇಜಿನಿಂದ್ಲೇ ಉಳೀತು. ಕ್ಲಾಕನ್ನೂ ಒಂದು ನೂರು ಮೆಗಾಹರ್ಟ್ಸ್ ಇಳಿಸಿದ್ರೆ ಇನ್ನೂ ಉಳಿಯುತ್ತೆ.

ನನ್ನ 4090 ಒಂದು ವರ್ಷದಿಂದ ಶೇಕಡಾ 70 ಮಿತಿಯಲ್ಲಿದೆ. ಅಂದ್ರೆ 315 ವ್ಯಾಟು. ನಾನು ಆಡೋ ಆಟಗಳಲ್ಲಿ ಕಳ್ಕೊಂಡಿದ್ದು ನೂರಕ್ಕೆ ಐದು ಫ್ರೇಮು. ಕೆಲವು ಆಟದಲ್ಲಿ ಮೂರೇ. 135 ವ್ಯಾಟು ಉಳಿಸೋಕೆ ಐದು ಫ್ರೇಮು ಕೊಡೋಕೆ ನಾನು ಯಾವಾಗ್ಲೂ ತಯಾರು.

ಪೂರ್ತಿವೇಗ:
ನಾನು ತಯಾರಿಲ್ಲ. ಅತ್ಯುತ್ತಮ ಕಾರ್ಡು ತಗೊಂಡು ಅದರ ಕುತ್ತಿಗೆ ಹಿಸುಕೋದು ಯಾಕೆ? ಅಂಥೋರು ಕೆಳಗಿನ ಕಾರ್ಡು ತಗೋಬೇಕಿತ್ತು.

ವ್ಯಾಟ್‌ಲೆಕ್ಕ:
@ಪೂರ್ತಿವೇಗ ಕೆಳಗಿನ ಕಾರ್ಡು ಅಂದ್ರೆ 4080. ಅದರ ಮಿತಿ 320 ವ್ಯಾಟು. ನನ್ನ 4090 ಅದಕ್ಕಿಂತ ಕಮ್ಮಿ ವಿದ್ಯುತ್ತಲ್ಲಿ ಅದಕ್ಕಿಂತ ಎಷ್ಟೋ ಜೋರಾಗಿ ಓಡ್ತಿದೆ. ಅಗಲವಾದ ಚಿಪ್ಪನ್ನ ನಿಧಾನ ಓಡಿಸೋದು, ಸಣ್ಣ ಚಿಪ್ಪನ್ನ ಓಡಿಸಿ ಸುಸ್ತು ಮಾಡೋದಕ್ಕಿಂತ ಯಾವತ್ತೂ ಮೇಲು. ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಸದ್ದಡಗು:
+1. ನಾನು ಫ್ರೇಮಿಗೂ ಮಿತಿ ಹಾಕ್ತೀನಿ. ಮಾನಿಟರ್ 144 ಹರ್ಟ್ಸ್ ಇರೋವಾಗ 210 ಫ್ರೇಮು ಯಾರಿಗೆ ಬೇಕು? 138ಕ್ಕೆ ನಿಲ್ಲಿಸಿದ್ರೆ ಹಳೇ ಆಟಗಳಲ್ಲಿ ಕಾರ್ಡು 200 ವ್ಯಾಟೂ ದಾಟಲ್ಲ, ಫ್ಯಾನು ತಿರುಗ್ತಿದೆಯಾ ಅಂತ ಬಗ್ಗಿ ನೋಡಬೇಕು.

ಕಪ್ಪುಪೆಟ್ಟಿಗೆ:
ಗಾಜು ತೆಗೆದು ಓಡಿಸಿದೆ. ಕೋರ್ 68ರಿಂದ 63ಕ್ಕೆ ಇಳೀತು. ಹಾಟ್‌ಸ್ಪಾಟ್ 99ರಿಂದ 94ಕ್ಕೆ. ಫ್ಯಾನು 1950. ಅಂದ್ರೆ ಕೇಸಿನದೂ ಪಾಲಿದೆ, ಆದ್ರೆ ಅಂತರ ಅದೇ 31. @ಶಾಖವಾಹಕ ಹೇಳಿದ ಹಾಗೇ ಆಯ್ತಲ್ಲ?

ಗಾಳಿಗುಮ್ಮಟ:
ಒಪ್ಪಿದೆ. ಐದು ಡಿಗ್ರಿ ಕೇಸಿನದು, ಅದನ್ನ ನಾನು ಬಿಡಲ್ಲ. ಮುಂದೆ ಒಂದು ಫ್ಯಾನು ಹೆಚ್ಚಿಗೆ ಹಾಕಿ. ಮಿಕ್ಕಿದ್ದಕ್ಕೆ ಕೂಲರ್ ಬಿಚ್ಚಲೇಬೇಕು.

ದಿಕ್ಸೂಚಿ:
ಬಿಚ್ಚೋಕೆ ಮುಂಚೆ ಒಂದು ಮಾತು. ನಿಮ್ಮ ಕೂಲರಿನ ತಳ ವೇಪರ್ ಚೇಂಬರಾ, ಹೀಟ್‌ಪೈಪಾ (ಶಾಖ ಸಾಗಿಸೋ ಕೊಳವೆ)? ವೇಪರ್ ಚೇಂಬರ್ ಆಗಿದ್ರೆ ಕೇಸನ್ನ ಮಲಗಿಸಿ ಒಮ್ಮೆ ಓಡಿಸಿ ನೋಡಿ. ಅದು ಒಳಗೆ ಟೊಳ್ಳಾಗಿರೋ ತೆಳು ತಾಮ್ರದ ಡಬ್ಬಿ, ಚೂರೇ ಚೂರು ನೀರಿರುತ್ತೆ. ಬಿಸಿ ಜಾಗದಲ್ಲಿ ಆವಿಯಾಗಿ, ತಣ್ಣಗಿರೋ ಕಡೆ ಹೋಗಿ ಮತ್ತೆ ನೀರಾಗಿ, ಒಳಗಿನ ಸೂಕ್ಷ್ಮ ರಂಧ್ರಗಳ ಪದರದಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ವಾಪಸ್ ಬರುತ್ತೆ. ನೀರು ಕಮ್ಮಿ ಬಿದ್ರೆ ಆ ಸುತ್ತು ತುಂಡಾಗುತ್ತೆ, ಆಗ ಕಾರ್ಡು ಯಾವ ದಿಕ್ಕಿಗಿದೆ ಅನ್ನೋದರ ಮೇಲೆ ತಾಪಮಾನ ಬದಲಾಗುತ್ತೆ.

2022ರ ಡಿಸೆಂಬರಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡಿನಲ್ಲಿ ಆದದ್ದು ಇದೇ. ಮಾಮೂಲಾಗಿ ಅಡ್ಡ ಕೂರಿಸಿದ್ರೆ ಹಾಟ್‌ಸ್ಪಾಟ್ 110 ಮುಟ್ತಿತ್ತು, ನಿಲ್ಲಿಸಿದ್ರೆ ಇಳೀತಿತ್ತು. ಮುಂದಿನ ಜನವರಿಯಲ್ಲಿ, ಕೆಲವು ಕಾರ್ಡುಗಳ ವೇಪರ್ ಚೇಂಬರಿನಲ್ಲಿ ನೀರು ಸಾಲದೆ ಹೀಗಾಗಿದೆ ಅಂತ ಎಎಂಡಿಯೇ ಒಪ್ಕೊಂಡು ಬದಲಿಸಿ ಕೊಡ್ತು.

ಶಾಖವಾಹಕ:
ದಿಕ್ಸೂಚಿಯವರ ಪರೀಕ್ಷೆಗೆ ಎರಡು ನಿಮಿಷ ಸಾಕು, ಮಾಡಿ. ಆದ್ರೆ ಒಂದೂವರೆ ವರ್ಷ ಚೆನ್ನಾಗಿದ್ದದ್ದು ನಿಧಾನಕ್ಕೆ ಏರಿದೆ ಅಂದ್ರೆ ನನ್ನ ಮತ ಪೇಸ್ಟಿಗೇ. ನೀರು ಕಮ್ಮಿ ಇದ್ದಿದ್ರೆ ಮೊದಲ ದಿನವೇ ತೋರಿಸ್ತಿತ್ತು.

ತಂತಿಗಾರ:
ನೀವೆಲ್ಲ ಶಾಖದ ಬಗ್ಗೆ ಮಾತಾಡ್ತಿದ್ದೀರಿ, ಕಾರ್ಡಿಗೆ ವಿದ್ಯುತ್ ತರೋ ಆ ಹದಿನಾರು ಪಿನ್ನಿನ ಕನೆಕ್ಟರಿನ ಬಗ್ಗೆ ಒಬ್ಬರೂ ಎತ್ತಲಿಲ್ಲ. ನನ್ನ ಪ್ರಕಾರ ಈ ತಲೆಮಾರಿನ ವಿನ್ಯಾಸದಲ್ಲಿ ಅತೀ ದುರ್ಬಲ ಜಾಗ ಅದೇ.

ಹಳೇ 8 ಪಿನ್ನಿಗೆ ಮಿತಿ 150 ವ್ಯಾಟು. 12 ವೋಲ್ಟಿಗೆ 12.5 ಆಂಪಿಯರು, ಮೂರು ತಂತಿಗೆ ಹಂಚಿದ್ರೆ ತಲಾ 4.2. ಆ ಪಿನ್ನು ಅದರ ಎರಡರಷ್ಟು ಹೊರೋ ತಾಕತ್ತಿನದು. ಈಗ ಹೊಸದು ನೋಡಿ. 600 ವ್ಯಾಟು ಅಂದ್ರೆ 50 ಆಂಪಿಯರು, ಆರು ತಂತಿಗೆ ಹಂಚಿದ್ರೆ ತಲಾ 8.3. ಪಿನ್ನಿನ ತಾಕತ್ತು ಒಂಬತ್ತು ಚಿಲ್ಲರೆ. ಸಣ್ಣ ಪಿನ್ನು, ಹೆಚ್ಚು ಕರೆಂಟು, ಕೈಯಲ್ಲಿ ಉಳಿದ ಅಂತರ ಬೆರಳಗಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 3090 ಟಿಐ ಕಾರ್ಡಿನಲ್ಲಿ ಆ ಆರು ತಂತಿಗಳನ್ನ ಎರಡೆರಡಾಗಿ ಬೇರೆ ಬೇರೆ ಅಳೆದು ಹೊರೆ ಸಮ ಮಾಡೋ ವ್ಯವಸ್ಥೆ ಇತ್ತು. 4090ರಲ್ಲಿ ಆರನ್ನೂ ಬೋರ್ಡಿನ ಮೇಲೆ ಒಂದೇ ಕಡೆ ಸೇರಿಸಿಬಿಟ್ರು. ಎರಡು ಪಿನ್ನು ಸರಿಯಾಗಿ ಮುಟ್ಟದಿದ್ರೆ ಉಳಿದ ನಾಲ್ಕು ಸುಮ್ಮನೆ ಹೆಚ್ಚು ಹೊರುತ್ತವೆ, ಕಾರ್ಡಿಗೆ ಗೊತ್ತೇ ಆಗಲ್ಲ. 450 ವ್ಯಾಟಿನಲ್ಲಿ 37.5 ಆಂಪಿಯರು, ನಾಲ್ಕಕ್ಕೆ ಹಂಚಿದ್ರೆ ತಲಾ 9.4. ಅಲ್ಲಿಗೆ ಮಿತಿ ಮುಗೀತು. 5090 ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಜರ್ಮನಿಯ ಓವರ್‌ಕ್ಲಾಕರ್ ರೋಮನ್ ಹಾರ್ಟುಂಗ್ ಅಳೆದು ತೋರಿಸಿದಾಗ ಒಂದೇ ತಂತಿಯಲ್ಲಿ 20 ಆಂಪಿಯರಿಗಿಂತ ಹೆಚ್ಚು ಹರೀತಿತ್ತು.

ಪೂರ್ತಿವೇಗ:
ಪೂರ್ತಿ ಒಳಗೆ ತಳ್ಳದೇ ಇರೋರದ್ದೇ ಕರಗೋದು. ಕಟಕ್ ಅನ್ನೋವರೆಗೂ ತಳ್ಳಿದ್ರೆ ಏನೂ ಆಗಲ್ಲ.

ತಂತಿಗಾರ:
@ಪೂರ್ತಿವೇಗ ಅರ್ಧ ಮಾತ್ರ ಸತ್ಯ. ಸರಿಯಾಗಿ ಕೂರಿಸದಿದ್ದದ್ದು ಒಂದು ಕಾರಣ ಹೌದು. ಅದಕ್ಕೇ ಈ ಕನೆಕ್ಟರಿನ ಪರಿಷ್ಕರಿಸಿದ ರೂಪ 12ವಿ-2x6ರಲ್ಲಿ, ಕೇಬಲ್ ಕೂತಿದೆಯಾ ಅಂತ ಕಾರ್ಡಿಗೆ ತಿಳಿಸೋ ಸೆನ್ಸ್ ಪಿನ್ನು ಗಿಡ್ಡ ಮಾಡಿ, ಕರೆಂಟ್ ಹೊರೋ ಪಿನ್ನು ಉದ್ದ ಮಾಡಿದ್ರು. ಪೂರ್ತಿ ಕೂರದಿದ್ರೆ ಕಾರ್ಡು ಪೂರ್ತಿ ವಿದ್ಯುತ್ ಎಳೆಯದ ಹಾಗೆ. ಆದ್ರೆ ತಂತಿ ತಂತಿಗೆ ಹೊರೆ ಹೇಗೆ ಹಂಚಿದೆ ಅಂತ ಅದೂ ನೋಡಲ್ಲ.

ನನ್ನದೇ ಹೇಳ್ತೀನಿ. ನಾನು ಕಟಕ್ ಅನ್ನೋವರೆಗೂ ತಳ್ಳಿದ್ದೆ, ಟಾರ್ಚು ಹಾಕಿ ಸಂದಿ ಇಲ್ಲ ಅಂತ ನೋಡಿದ್ದೆ. ಎಂಟು ತಿಂಗಳ ಮೇಲೆ ಧೂಳು ಹೊಡೆಯೋಕೆ ಬಿಚ್ಚಿದಾಗ ಮೇಲಿನ ಸಾಲಿನ ತುದಿಯ ಒಂದು ಪಿನ್ನಿನ ಸುತ್ತ ಕಪ್ಪು ಪ್ಲಾಸ್ಟಿಕ್ಕು ಉಬ್ಬಿ, ಕಂದುಗಟ್ಟಿ, ಹೊಳಪು ಕಳ್ಕೊಂಡಿತ್ತು. ಪಕ್ಕದ ಐದೂ ಹೊಸದರ ಹಾಗೇ ಇದ್ವು. ಕೇಬಲ್ ಬದಲಾಯಿಸಿದೆ, ಮಿತಿ ಶೇಕಡಾ 75ಕ್ಕೆ ಇಳಿಸಿದೆ. ಅವತ್ತಿಂದ ತಿಂಗಳಿಗೊಮ್ಮೆ, ಆಟ ಓಡ್ತಿರೋವಾಗ ಕನೆಕ್ಟರ್ ಹತ್ತಿರ ತಂತಿಗಳನ್ನ ಒಂದೊಂದಾಗಿ ಮುಟ್ಟಿ ನೋಡ್ತೀನಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ರೆ ಅಲ್ಲೇ ನಿಲ್ಲಿಸ್ತೀನಿ.

ಬೆಸುಗೆ:
ತಂತಿಗಾರರ ಮಾತು ಖರೇ ಐತ್ರಿ. ಸಂಪರ್ಕದ ಜಾಗದಾಗ ಹುಟ್ಟೋ ಶಾಖ ಕರೆಂಟಿನ ವರ್ಗಕ್ಕ ತಕ್ಕಂಗ ಇರ್ತದ. ಕರೆಂಟ್ ಎರಡು ಪಟ್ಟಾದ್ರ ಶಾಖ ನಾಕು ಪಟ್ಟು. ಹಂಗಾಗಿ 450ರಿಂದ 340ಕ್ಕ ಇಳಿಸಿದ್ರ ಕನೆಕ್ಟರಿನ ಶಾಖ ಹತ್ರ ಹತ್ರ ಅರ್ಧಕ್ಕ ಬರ್ತದ. ವಿದ್ಯುತ್ ಬಿಲ್ಲಿಗಿಂತ ನನಗ ಅದ ದೊಡ್ಡ ಲಾಭ.

ಮತ್ತ ಕೇಬಲ್ಲನ್ನ ಕನೆಕ್ಟರಿನ ಬುಡದಾಗ ಬಗ್ಗಸಬ್ಯಾಡ್ರಿ. ಮೂರು-ನಾಕು ಸೆಂಟಿಮೀಟರ್ ನೆಟ್ಟಗ ಬಂದ ಮ್ಯಾಲೆ ಬಗ್ಗಸ್ರಿ.

ಪಿಕ್ಸೆಲ್‌ಪುಟ್ಟ:
ವಿಷಯ ಬೇರೆ, ಕ್ಷಮಿಸಿ. ನನ್ನ ಕಾರ್ಡು ಆಟದ ಮೆನುವಿನಲ್ಲಿ ಕೀರ್ ಅಂತ ಕೂಗುತ್ತೆ. ಫ್ಯಾನಲ್ಲ. ಹಾಳಾಗ್ತಿದೆಯಾ?

ಬೆಸುಗೆ:
ಕಾಯಿಲ್ ವೈನ್ ಅದು. ಹಾಳಾಗ್ತಿಲ್ಲ, ಅಂಜಬ್ಯಾಡ್ರಿ. 12 ವೋಲ್ಟನ್ನ ಚಿಪ್ಪಿಗೆ ಬೇಕಾದ ಒಂದು ವೋಲ್ಟಿನ ಆಜುಬಾಜಿಗೆ ಇಳಸೂದು ವಿಆರ್‌ಎಂ ಕೆಲಸ. 350 ವ್ಯಾಟು ಒಂದು ವೋಲ್ಟಿನಾಗ ಅಂದ್ರ 350 ಆಂಪಿಯರು, ಲೆಕ್ಕ ಹಾಕ್ರಿ. ಅಷ್ಟು ಕರೆಂಟು ಏರಿಳಿದಾಗ ಆ ಸುರುಳಿಗಳು ನಡುಗಿ ಸದ್ದು ಮಾಡ್ತಾವ. ಮೆನುವಿನಾಗ ಫ್ರೇಮು ಸಾವಿರ ದಾಟಿರ್ತದ, ಅದಕ್ಕ ಅಲ್ಲಿ ಜೋರು. ಫ್ರೇಮಿಗೆ ಮಿತಿ ಹಾಕ್ರಿ, ಕಮ್ಮಿ ಆಗ್ತದ.

ಪಿಕ್ಸೆಲ್‌ಪುಟ್ಟ:
ಹಾಕಿದೆ. ನಿಂತೇ ಹೋಯ್ತು! ಧನ್ಯವಾದ.

ಸದ್ದಡಗು:
@ಕಪ್ಪುಪೆಟ್ಟಿಗೆ, 5090 ಎರಡೇ ಸ್ಲಾಟಲ್ಲಿ ಹೇಗೆ ಅಂತ ಕೇಳಿದ್ರಲ್ಲ, ಅದಕ್ಕೆ ಯಾರೂ ಉತ್ತರಿಸಲಿಲ್ಲ. ಅದರ ಬೋರ್ಡನ್ನೇ ಮೂರು ತುಂಡು ಮಾಡಿದ್ದಾರೆ. ಚಿಪ್ಪು, ಮೆಮೊರಿ, ವಿಆರ್‌ಎಂ ಇರೋ ಮುಖ್ಯ ಬೋರ್ಡು ನಟ್ಟನಡುವೆ, ಚಿಕ್ಕದಾಗಿ. ಸ್ಲಾಟಿಗೆ ಕೂರೋ ಅಂಚು ಬೇರೆ ಬೋರ್ಡು, ಮಾನಿಟರಿಗೆ ಹೋಗೋ ಪೋರ್ಟುಗಳದ್ದು ಇನ್ನೊಂದು. ಅದರಿಂದ ಎರಡೂ ಫ್ಯಾನಿನ ಹಿಂದೆ ಅಡ್ಡ ಏನೂ ಇಲ್ಲ, ಗಾಳಿ ರೆಕ್ಕೆಗಳ ನಡುವಿಂದ ಆರಪಾರ ಹೋಗುತ್ತೆ. ಮಾಮೂಲು ಕಾರ್ಡಿನಲ್ಲಿ ಗಾಳಿ ಬೋರ್ಡಿಗೆ ಬಡಿದು ಪಕ್ಕಕ್ಕೆ ತಿರುಗಬೇಕು, ಅಲ್ಲೇ ಒಂದಷ್ಟು ಶಕ್ತಿ ಹೋಗುತ್ತೆ. ಜೊತೆಗೆ ಚಿಪ್ಪಿನ ಮೇಲೆ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್. 4090 ಫೌಂಡರ್ಸ್ 61 ಮಿಲಿಮೀಟರ್ ದಪ್ಪ ಇತ್ತು, ಇದು 40. ಎಂಜಿನಿಯರಿಂಗ್ ಕೆಲಸ ಅಂತ ನೋಡಿದ್ರೆ ನನಗೆ ಇದು ತುಂಬಾ ಇಷ್ಟ ಆದ ಕಾರ್ಡು.

ಗಾಳಿಗುಮ್ಮಟ:
ವಿನ್ಯಾಸ ಚೆಂದ, ಒಪ್ತೀನಿ. ಆದ್ರೆ ಆರಪಾರ ಬಂದ ಆ ಬಿಸಿಗಾಳಿ ಎಲ್ಲಿಗೆ ಹೋಗುತ್ತೆ ಮಾರಾಯ್ರೆ? ನೇರ ಮೇಲಿರೋ ಸಿಪಿಯು ಕೂಲರಿನ ಬಾಯಿಗೆ. ಕಾರ್ಡಿನ ಅಂಕಿ ಚೆನ್ನಾಗಿ ಕಾಣುತ್ತೆ, ಸಿಪಿಯು ಬೆವರುತ್ತೆ. ಟವರ್ ಕೂಲರ್ ಇರೋರು ಕೇಸಿನ ಹಿಂದಿನ, ಮೇಲಿನ ಫ್ಯಾನುಗಳನ್ನ ಸ್ವಲ್ಪ ಜೋರು ಇಡಲೇಬೇಕು. ಕಾರ್ಡನ್ನ ಬರೀ ತೆರೆದ ಬೆಂಚಿನ ಮೇಲಿಟ್ಟು ಅಳೆದ ಅಂಕಿ ನಾನು ನಂಬಲ್ಲ.

ದಿಕ್ಸೂಚಿ:
ಅದೂ ಅಲ್ಲದೆ 5090ರಲ್ಲಿ ಹಾಟ್‌ಸ್ಪಾಟ್ ಓದೇ ಸಿಗಲ್ಲ, ತೆಗೆದುಬಿಟ್ಟಿದ್ದಾರೆ. ಕಪ್ಪುಪೆಟ್ಟಿಗೆಯವರಿಗೆ ಬಂದ ಸಮಸ್ಯೆ ಅಲ್ಲಿ ಬಂದ್ರೆ ಕಂಡುಹಿಡಿಯೋದು ಹೇಗೆ? ಬರೀ ಕೋರ್ 68 ಅಂತ ನೋಡಿ ಮೂರನೇಫ್ಯಾನು ಹೇಳಿದ ಹಾಗೆ ಆಡ್ತಾ ಇರಬೇಕು. ನನಗೆ ಇದು ದೊಡ್ಡ ಕೊರತೆ.

ಮೂರನೇಫ್ಯಾನು:
ಮೊದಲು ಹೇಳಿದ್ದು ತಪ್ಪಾಯ್ತು, ಒಪ್ತೀನಿ. ಈ ಅಂತರದ ವಿಷಯ ನನಗೆ ಗೊತ್ತಿರಲಿಲ್ಲ. ನನ್ನದನ್ನೂ ನೋಡಿದೆ, ಅಂತರ 13.

ಹಳೇಬೋರ್ಡು:
3090 ಇಟ್ಟುಕೊಂಡಿರೋರು ಹಾಟ್‌ಸ್ಪಾಟ್ ಜೊತೆ ಮೆಮೊರಿಯನ್ನೂ ನೋಡಿ. ಅದರಲ್ಲಿ 24 ಮೆಮೊರಿ ಚಿಪ್ಪು, ಅರ್ಧ ಬೋರ್ಡಿನ ಹಿಂದೆ. ಕೂಲರ್ ಇರೋದು ಮುಂದೆ. ಹಿಂದಿನ ಹನ್ನೆರಡಕ್ಕೆ ಆಸರೆ ಬರೀ ಹಿಂದಿನ ಹಲಗೆ (ಬ್ಯಾಕ್‌ಪ್ಲೇಟು). ನನ್ನ ಕಾರ್ಡಿನ ಹಿಂದೆ ಒಂದು ಸಣ್ಣ ಫ್ಯಾನು ಇಟ್ಟ ಮೇಲೆ 104ರಿಂದ 92ಕ್ಕೆ ಬಂತು. 3090 ಟಿಐ ಬರೋ ಹೊತ್ತಿಗೆ ಎರಡು ಜಿಬಿ ಚಿಪ್ಪು ಸಿಕ್ಕಿ, ಹನ್ನೆರಡನ್ನೂ ಮುಂದೆಯೇ ಇಟ್ರು.

ಕಪ್ಪುಪೆಟ್ಟಿಗೆ:
ಕೇಸು ಮಲಗಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಹಾಗಾಗಿ ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಬಿಚ್ಚಿದೆ. ವಾರಂಟಿ ಕೇಂದ್ರದವರಿಗೆ ಮೊದಲೇ ಬರೆದಿದ್ದೆ. ಕೋರ್ 68 ಮಿತಿಯೊಳಗಿದೆ, ದೋಷ ಅಂತ ಪರಿಗಣಿಸಲ್ಲ ಅಂದ್ರು. ಇಷ್ಟು ವಿದ್ಯುತ್ ಎಳೆಯೋ ಕಾರ್ಡಿಗೆ ಬರೀ ಕೋರ್ ಅಂಕಿ ನೋಡಿ ಉತ್ತರ ಕೊಡೋದು ನನಗೆ ಬೇಜಾರಾಯ್ತು.

ಕೂಲರು ಸುಲಭಕ್ಕೆ ಏಳಲಿಲ್ಲ. ಹತ್ತು ನಿಮಿಷ ಆಟ ಓಡಿಸಿ ಬೆಚ್ಚಗಿರೋವಾಗ, ನಾಲ್ಕು ಸ್ಕ್ರೂ ತೆಗೆದು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಚಿದ ಮೇಲೆ ಬಿಟ್ಟುಕೊಡ್ತು. ಫ್ಯಾನಿನ ತಂತಿ ಗಿಡ್ಡ ಇತ್ತು, ಎಳೀದೆ ಮೊದಲು ಅದನ್ನ ಬಿಡಿಸಿದೆ. ಒಳಗೆ ನೋಡಿದ್ರೆ ಪೇಸ್ಟು ಚಿಪ್ಪಿನ ನಾಲ್ಕೂ ಅಂಚಲ್ಲಿ ದಪ್ಪ ಕಟ್ಟೆ ಹಾಗೆ ನಿಂತಿದೆ. ನಡುವೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಚಿಪ್ಪು ಕನ್ನಡಿ ಹಾಗೆ ಹೊಳೀತಿತ್ತು. ಅಲ್ಲಿ ಏನೂ ಉಳಿದಿರಲಿಲ್ಲ.

ಪೇಸ್ಟಿನ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ ಹಾಕಿದೆ. ಪ್ಯಾಡು ಒಂದೂ ಹರಿಯಲಿಲ್ಲ, ಹಾಗಾಗಿ ಮುಟ್ಟಲಿಲ್ಲ. ಸ್ಕ್ರೂಗಳನ್ನ ಎದುರು ಬದುರು ಅರ್ಧರ್ಧ ಸುತ್ತು ಬಿಗಿಸಿದೆ.

ಈಗ ಅದೇ ಆಟ, ಅದೇ ದೃಶ್ಯ, ಗಾಜು ಮುಚ್ಚಿ, 440 ವ್ಯಾಟಿನಲ್ಲಿ: ಕೋರ್ 64, ಹಾಟ್‌ಸ್ಪಾಟ್ 78, ಫ್ಯಾನು 1500.

ಶಾಖವಾಹಕ:
ತುಂಬಾ ಖುಷಿಯಾಯ್ತು! ಪಿಟಿಎಂ ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡಿಕೊಳ್ಳುತ್ತೆ. ಕೆಲವು ಸಲ ಚೆನ್ನಾಗಿ ಬಿಸಿಯಾಗಿ ಆರೋವರೆಗೂ ಪೂರ್ತಿ ಕೂರಲ್ಲ. ಒಂದು ವಾರ ಬಿಟ್ಟು ನೋಡಿ, ಇನ್ನೊಂದೆರಡು ಡಿಗ್ರಿ ಇಳಿಯಬಹುದು. ಪೇಸ್ಟಿನ ಹಾಗೆ ಹಿಂಡಿ ಹೊರಗೆ ಹೋಗಲ್ಲ, ಅದಕ್ಕೇ ಇಂಥ ದೊಡ್ಡ ಚಿಪ್ಪಿಗೆ ನಾನು ಅದನ್ನೇ ಹಾಕೋದು. ಲಿಕ್ವಿಡ್ ಮೆಟಲ್ ಮನೆಯಲ್ಲಿ ಹಾಕೋಕೆ ಹೋಗಬೇಡಿ. ಅದು ವಿದ್ಯುತ್ ಹರಿಸುತ್ತೆ, ಅಲ್ಯೂಮಿನಿಯಮ್ಮನ್ನ ತಿನ್ನುತ್ತೆ.

ವ್ಯಾಟ್‌ಲೆಕ್ಕ:
ಈಗ ಮಿತಿ 75ಕ್ಕೆ ಇಳಿಸಿ ಒಮ್ಮೆ ಓಡಿಸಿ, ಬೇಡಿಕೊಳ್ತೀನಿ.

ಕಪ್ಪುಪೆಟ್ಟಿಗೆ:
ಓಡಿಸಿದೆ. 337 ವ್ಯಾಟು, ಕೋರ್ 57, ಹಾಟ್‌ಸ್ಪಾಟ್ 68, ಫ್ಯಾನು 1150. ಫ್ರೇಮು 112 ಇದ್ದದ್ದು 108. ನಿಜ ಹೇಳ್ತೀನಿ, ಅಂಕಿ ನೋಡದೆ ಆಡಿದ್ರೆ ನನಗೆ ವ್ಯತ್ಯಾಸ ಗೊತ್ತಾಗಲ್ಲ. 5090ರ ಯೋಚನೆ ಸದ್ಯಕ್ಕೆ ಬಿಟ್ಟೆ.

ಪೂರ್ತಿವೇಗ:
ನಾಲ್ಕು ಫ್ರೇಮು ನಾಲ್ಕು ಫ್ರೇಮೇ. ನಾನು 450ರಲ್ಲೇ ಇರ್ತೀನಿ. ಆದ್ರೆ ಕನೆಕ್ಟರಿನ ತಂತಿ ಮುಟ್ಟಿ ನೋಡೋದನ್ನ ಇವತ್ತಿಂದ ಶುರು ಮಾಡ್ತೀನಿ.

ತಂತಿಗಾರ:
@ಪೂರ್ತಿವೇಗ ಅಷ್ಟು ಮಾಡಿದ್ರೂ ಸಾಕು. @ಕಪ್ಪುಪೆಟ್ಟಿಗೆ ಕಾರ್ಡು ವಾಪಸ್ ಕೂರಿಸಿದಾಗ ಕೇಬಲ್ ಪೂರ್ತಿ ತಳ್ಳಿದ್ರಾ? ಕಾರ್ಡಿನ ತೂಕ ಎರಡು ಕೆಜಿ ದಾಟಿರುತ್ತೆ, ತುದಿಗೆ ಆಸರೆ ಕೊಟ್ಟಿದ್ದೀರಾ?

ಕಪ್ಪುಪೆಟ್ಟಿಗೆ:
ಕೇಬಲ್ ತಳ್ಳಿ, ಟಾರ್ಚು ಹಾಕಿ ನೋಡಿದೆ, ಸಂದಿ ಇಲ್ಲ. ಆಸರೆಯ ಕಂಬ ಮರೆತಿದ್ದೆ, ನೀವು ಕೇಳಿದ ಮೇಲೆ ಈಗ ಇಟ್ಟು ಬಂದೆ. ತುದಿ ಮೂರು ಮಿಲಿಮೀಟರ್ ಜೋತಿತ್ತು.